ಟಿವಿ ಗವಸಿನ ಕಾವು

ನಿಪ್ಪಾಣಿಯ ನಮ್ಮ ಮನೆಯಲ್ಲಿ ದೂಳೆಂದರೆ ತಂಬಾಕಿನ ದೂಳು. ದಿನಕ್ಕೆ ಎರಡು ಸಲ ಒರೆಸಬೇಕು, ಒರೆಸುವಾಗ ನಾಲ್ಕು ಸಲ ಸೀನಬೇಕು. ಇಂಥದ್ದರಲ್ಲಿ ನನ್ನ ನಾದಿನಿ ಪುಣೆಯಲ್ಲಿ ಕೂತು ಐದು ವರ್ಷದಿಂದ ಆಕಾಶದ ದೂಳನ್ನೇ ಓದುತ್ತಿದ್ದಾಳೆಂಬುದು ಅತ್ತೆಗೆ ಸಹಿಸಲಾಗದ ಮಾತು.

ಆ ಬೇಸಿಗೆಯಲ್ಲಿ ಅವಳಿಗೆ ಹೊರದೇಶದ ದೊಡ್ಡ ದೂರದರ್ಶಕದಲ್ಲಿ ಸರದಿ ಸಿಕ್ಕಿತ್ತು. ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು. ಅದೇ ವಾರ ರಾಯಬಾಗದವರು ಹೆಣ್ಣು ನೋಡಲು ಬರುವವರಿದ್ದರು. ಅದನ್ನು ಮುಂದೂಡುವುದು ಅತ್ತೆಯ ಕೈಯಲ್ಲಿತ್ತು.

ನಾದಿನಿ ಲ್ಯಾಪ್‌ಟಾಪ್‌ನಲ್ಲಿ ಒಂದು ಚಿತ್ರ ತೋರಿಸಿದಳು. ನಡುವೆ ಹಳದಿ, ಸುತ್ತ ಕೆಂಪು.

“ಥಾಲಿಪೀಠದ ಮ್ಯಾಲ ಬೆಣ್ಣಿ ಇಟ್ಟಂಗೈತಿ,” ಎಂದರು ಅತ್ತೆ.

“ಅವ್ವಾ, ಇದು ನಮ್ಮ ಹತ್ತಿರದ ಗ್ಯಾಲಕ್ಸಿಯ ನಡುಭಾಗ. ಒಳಗ ಕಪ್ಪುಕುಳಿ ಐತಿ. ಅದರ ಸುತ್ತ ಭಾಳ ಬೆಳಕು, ಆದ್ರ ದೂಳು ಮುಚ್ಚೇತಿ.”

“ಮುಚ್ಚಿದ್ದು ನಿನಗ ಹ್ಯಾಂಗ ಕಾಣತೈತಿ?”

“ಬೆಳಕು ಕುಡದು ದೂಳು ಕಾಯ್ತೈತಿ. ಆ ಕಾವಿನ ಫೋಟೋ ತೆಗೀತೀವಿ. ಇನ್‌ಫ್ರಾರೆಡ್ ಅಂತಾರ.”

ಅತ್ತೆ ನನ್ನ ಕಡೆ ತಿರುಗಿದರು. “ಕೇಳಿದೇನ ಬೇ, ಕಾವಿಗೆ ಫೋಟೋ ಅಂತ.”

ನಾದಿನಿ ಲ್ಯಾಪ್‌ಟಾಪ್ ಮುಚ್ಚಿದಳು. ಕಚ್ಚಿ ಕಚ್ಚಿ ಅವಳ ಹೆಬ್ಬೆರಳಿನ ಉಗುರು ಅರ್ಧಕ್ಕೆ ಬಂದಿತ್ತು. ಅದನ್ನು ನೋಡಿ ನಾನು ಬಾಯಿ ತೆರೆದೆ. ತೆರೆದರೆ ನನ್ನ ಗುಟ್ಟೂ ಹೊರಬೀಳುತ್ತದೆಂದು ಗೊತ್ತಿತ್ತು.

ನಮ್ಮ ಟಿವಿಗೆ ಒಂದು ಗವಸು ಇತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಕಸೂತಿ ಹಾಕಿ ನಾನೇ ಹೊಲಿದದ್ದು. ಮಧ್ಯಾಹ್ನ ಅತ್ತೆ ಭಜನೆಗೆ ಹೋದಾಗ ಮರಾಠಿ ಧಾರಾವಾಹಿ ನೋಡಿ, ಅವರು ಬರುವಷ್ಟರಲ್ಲಿ ಆರಿಸಿ ಗವಸು ಹೊದಿಸಿಬಿಡುತ್ತಿದ್ದೆ. ಅವರು ಬಂದವರೇ ಮೊದಲು ಪಕ್ಕದ ಕಬ್ಬಿಣದ ತಿಜೋರಿಯ ಮೇಲೆ ಅಂಗೈ ಇಡುವರು, ಆಮೇಲೆ ಗವಸಿನ ಮೇಲೆ. ಅಷ್ಟು ಮಾಡಿ ಚಹಾ ಕೇಳುವರು. ಇದನ್ನು ಗಮನಿಸಿದ ಮೇಲೆ ನಾನು ಒದ್ದೆ ಮಾಡಿ ಹಿಂಡಿದ ಟವೆಲ್ ಎರಡು ನಿಮಿಷ ಹೊದಿಸಿ ತಣಿಸತೊಡಗಿದ್ದೆ.

“ಅತ್ತೀ, ಭಜನಿಯಿಂದ ಬಂದು ಗವಸು ಯಾಕ ಮುಟ್ಟತೀರಿ?” ಎಂದು ಈಗ ಕೇಳಿಯೇಬಿಟ್ಟೆ.

“ನೀ ಟಿವಿ ನೋಡೀಯೋ ಇಲ್ಲೋ ಅಂತ.”

“ಗವಸು ತೆಗೀದ ಹ್ಯಾಂಗ ತಿಳೀತೈತ್ರಿ?”

“ಒಳಗಿನ ಕಾವು ಗವಸಿಗೆ ಬರತೈತಲ್ಲ.”

“ಮತ್ತ ತಿಜೋರಿ?”

“ಬ್ಯಾಸಿಗ್ಯಾಗ ಮನಿ ಎಲ್ಲಾ ಕಾದಿರತೈತಿ. ಮನಿ ಕಾವೆಷ್ಟು, ಟಿವಿದೆಷ್ಟು, ಬ್ಯಾರೆ ಮಾಡಬ್ಯಾಡಾ?”

ನಾದಿನಿ ಎದ್ದು ನಿಂತಳು. “ಅವ್ವಾ, ನಾವೂ ಹಂಗ ಮಾಡ್ತೀವಿ. ಆಕಾಶನೂ ಬೆಚ್ಚಗ, ದೂರದರ್ಶಕನೂ ಬೆಚ್ಚಗ. ಗ್ಯಾಲಕ್ಸಿ ಒಮ್ಮೆ, ಬಾಜೂಕಿನ ಬರೇ ಆಕಾಶ ಒಮ್ಮೆ ನೋಡಿ, ಇದರಾಗ ಅದನ್ನ ಕಳೀತೀವಿ.”

ಅತ್ತೆ ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. “ಐದ ವರ್ಷ ಹಿಡೀತೇನ ಇದನ್ನ ಕಲಿಯಾಕ? ನನ್ನ ಕೇಳಿದ್ರ ಆಗತಿತ್ತಲ್ಲ.”

ಆಮೇಲೆ ನನಗೆ ಹೇಳಿದರು: “ನೀ ಹಸಿ ಟವೆಲ್ ಹಾಕೂದು ಬಿಡು. ಮೇ ತಿಂಗಳದಾಗ ತಿಜೋರಿಗಿಂತ ಟಿವಿ ತಣ್ಣಗಿದ್ರ ನನಗ ತಿಳೀದಿಲ್ಲೇನ?”

ಮೂಲೆಯ ಫೋನು ಎತ್ತಿ ರಾಯಬಾಗಕ್ಕೆ ಹಚ್ಚಿದರು. “ಹುಡುಗಿಗೆ ಕೆಲಸ ಬಂದೈತ್ರಿ, ದೀಪಾವಳಿ ಆದಮ್ಯಾಲ ಬರ್ರಿ.” ಆ ಕಡೆಯವರು ಎಂಥ ಕೆಲಸವೆಂದು ಕೇಳಿರಬೇಕು. ಅತ್ತೆ ಒಂದು ಗಳಿಗೆ ನನ್ನನ್ನೇ ನೋಡಿದರು.

“ಭಾಳ ಏನಿಲ್ರಿ. ನಾ ಮನ್ಯಾಗ ಸೊಸಿಗೆ ಮಾಡೂದನ್ನ ಆಕಿ ಆಕಾಶಕ್ಕ ಮಾಡತಾಳ.”

ನಾನು ಟವೆಲ್ ಒಣಗಹಾಕಲು ಹಿತ್ತಲಿಗೆ ಹೋದೆ.