ಮಾಹಿತಿ ಕೊಟ್ಟವರ ಸಹಿ

ನಮ್ಮಕ್ಕ ಬಡವಳಲ್ಲ ಎಂದು ಸರ್ಕಾರಕ್ಕೆ ಬರೆದುಕೊಟ್ಟವನು ನಾನೇ. ಸಹಿಯನ್ನೂ ಹಾಕಿದ್ದೆ, ದುಂಡಗೆ, ಅಡಿಯಲ್ಲಿ ಎರಡು ಗೆರೆ ಎಳೆದು.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಬಟವಾಡಿಯಲ್ಲಿ ಬಾಡಿಗೆ ಮನೆ. ಗಂಡ ತೀರಿಕೊಂಡ ಮೇಲೆ ಅಕ್ಕ ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ಒಬ್ಬಳೇ ಮಗಳನ್ನಿಟ್ಟುಕೊಂಡು, ಅವರಿವರ ಮನೆಯಲ್ಲಿ ಅಡಿಕೆ ಸುಲಿದು ಬದುಕುತ್ತಿದ್ದಳು. ಅವಳ ಪಾಲಿಗೆ ಇದ್ದದ್ದು ಹನ್ನೆರಡು ತೆಂಗಿನ ಮರ. ಆ ವಾರ ಮಗಳನ್ನು ನೋಡಲು ಕುಣಿಗಲ್ ಕಡೆಯವರು ಬರುವುದಿತ್ತು. ಹೆಣ್ಣು ನೋಡುವ ಮುಂಚೆ ಗಂಡಿನ ಕಡೆಯವರು ಯಾರನ್ನಾದರೂ ಸದ್ದಿಲ್ಲದೆ ಕಳಿಸಿ ಮನೆತನ ವಿಚಾರಿಸುವುದು ನಮ್ಮಲ್ಲಿ ವಾಡಿಕೆ. ಬಂದವನು ತಾನ್ಯಾರೆಂದು ಹೇಳುವುದಿಲ್ಲ. ಕುಡಿಯಲು ನೀರು ಕೇಳುತ್ತಾನೆ, ಕೊಬ್ಬರಿ ರೇಟು ಕೇಳುತ್ತಾನೆ, ಕಣ್ಣು ಮಾತ್ರ ಮನೆಯೊಳಗೆ.

ಹಗಲೆಲ್ಲ ಚಿಂತೆ ಮಾಡಲು ನನಗೆ ಇಷ್ಟು ಸಾಕಾಗಿತ್ತು. ಮೂರು ದಿನ ರಜೆ ಹಾಕಿದೆ. ನನ್ನ ಸ್ಕೂಟರನ್ನು ಅಕ್ಕನ ಬಾಗಿಲಲ್ಲಿ ನಿಲ್ಲಿಸಿದೆ. ನಮ್ಮ ಮನೆಯ ಗ್ಯಾಸ್ ಒಲೆ, ಸಿಲಿಂಡರುಗಳನ್ನು ಲಗೇಜ್ ಆಟೋದಲ್ಲಿ ಸಾಗಿಸಿದೆ. ಆ ಮೂರು ದಿನ ಸೀಮೆಎಣ್ಣೆ ಸ್ಟೌ ಪಂಪು ಹೊಡೆದ ನನ್ನ ಹೆಂಡತಿ ಆ ವಿಷಯವನ್ನು ಇವತ್ತಿಗೂ ಮರೆತಿಲ್ಲ, ನನಗೆ ಮರೆಯಲು ಬಿಟ್ಟೂ ಇಲ್ಲ.

ಎರಡನೆಯ ದಿನ ರೆಕ್ಸಿನ್ ಬ್ಯಾಗು ಹಿಡಿದ ಒಬ್ಬರು ಬಂದು ನೀರು ಕೇಳಿದರು. ನಾನು ಅಕ್ಕನಿಗೆ ಕಣ್ಸನ್ನೆ ಮಾಡಿದೆ. ಅವಳು ಒಳಗೆ ಹೋಗಿ ನಿಂತಳು. ಅಡಿಕೆಯ ಕರೆ ಹಿಡಿದ ಅವಳ ಬೆರಳುಗಳು ಹುಣಸೆಹಣ್ಣು ಹಾಕಿ ತಿಕ್ಕಿದರೂ ಬೆಳ್ಳಗಾಗಿರಲಿಲ್ಲ.

"ಮರ ಎಷ್ಟಿದಾವೆ ಸ್ವಾಮಿ?"

"ಅರವತ್ತು." ದಾಯಾದಿಗಳ ಮರವನ್ನೂ ಸೇರಿಸಿಕೊಂಡೆ.

"ಅಡುಗೆ ಸೌದೇಲಾ?"

"ಛೆ, ಎಲ್ಲಾದ್ರೂ ಉಂಟಾ! ಗ್ಯಾಸು ಸಾರ್. ಬನ್ನಿ, ನೋಡಿ ಬೇಕಾದ್ರೆ."

"ದುಡಿಯೋರು?"

"ನಾನೇ. ಗೌರ್ಮೆಂಟ್ ಕೆಲಸ. ಅಕ್ಕನ ಜೊತೇಲೇ ಇದೀನಿ."

ಅವರು ಎಲ್ಲವನ್ನೂ ಬರೆದುಕೊಂಡರು. ಹೀಗೆ ಬರೆದುಕೊಳ್ಳುವ ಗಂಡಿನ ಕಡೆಯವರನ್ನು ನಾನು ಕಂಡಿರಲಿಲ್ಲ. ಕುಣಿಗಲ್‌ನವರು ಬಲು ಖಡಕ್ಕು ಎಂದುಕೊಂಡೆ. ಕೊನೆಗೆ ಸಹಿ ಕೇಳಿದರು. ಯಾತಕ್ಕೆ ಎಂದು ಕೇಳಿದರೆ ಸಂಬಂಧ ಕೆಟ್ಟೀತು ಎಂದು ಹೆದರಿ ಹಾಕಿಬಿಟ್ಟೆ. ದಿನಾ ಫಾರಮ್ಮುಗಳಲ್ಲೇ ಮುಳುಗಿರುವ ಗುಮಾಸ್ತ ಆ ಒಂದು ಫಾರಮ್ಮಿನ ತಲೆಬರಹ ಓದಲಿಲ್ಲ.

ಮಾರನೆಯ ದಿನ ಇನ್ನೊಬ್ಬರು ಬಂದು ನೀರು ಕೇಳಿದರು, ಕೊಬ್ಬರಿ ರೇಟನ್ನೂ ಕೇಳಿದರು. ಅವರಿಗೂ ಅದೇ ಅರವತ್ತು ಮರದ ಲೆಕ್ಕ ಒಪ್ಪಿಸಿ ಕಳಿಸಿದೆ. ಹಾಗಾದರೆ ನಿನ್ನೆ ಬಂದವರು ಯಾರು? ಪಕ್ಕದ ಮನೆಯಾಕೆ ಹೇಳಿದಳು: "ಅವ್ರು ಬಡವರ ಪಟ್ಟಿ ಬರ್ಕೊಳಕ್ಕೆ ಬಂದಿದ್ದೋರು ಕಣಣ್ಣ. ಹಸಿರು ಕಾರ್ಡ್ ಕೊಡ್ತಾರಂತಲ್ಲ, ಅದ್ಕೆ."

ಅಕ್ಕ ಬಿದ್ದು ಬಿದ್ದು ನಕ್ಕಳು. "ಹೋಗ್ಲಿ ಬುಡೋ. ರೇಷನ್ ಅಕ್ಕಿ ಸಿಗಲ್ಲ, ಅಷ್ಟೇ ತಾನೆ? ಮಗಳ ಮದುವೆ ಆದ್ರೆ ಸಾಕು."

ಮದುವೆ ಆಯಿತು. ನಾಲ್ಕೈದು ವರ್ಷದಲ್ಲಿ ಅಕ್ಕನಿಗೆ ಬಾವಿಯಿಂದ ಒಂದು ಕೊಡ ತರುವಷ್ಟರಲ್ಲಿ ಏದುಸಿರು ಬರತೊಡಗಿತು. ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಹಸಿರು ಕಾರ್ಡ್ ಇದ್ದರೆ ಖರ್ಚು ಸರ್ಕಾರದ್ದು. ಇಲ್ಲದಿದ್ದರೆ ಅದು ನನ್ನಂಥವನ ಕೈಗೆ ಎಟುಕುವ ಮಾತಲ್ಲ. ನನ್ನ ಕಚೇರಿಯಲ್ಲಿ ನೌಕರರಿಗಿದ್ದ ವೈದ್ಯಕೀಯ ಸೌಲಭ್ಯವನ್ನು ವಿಚಾರಿಸಿದೆ. ಮದುವೆಯಾದ ಅಕ್ಕ ನೌಕರನ ಕುಟುಂಬಕ್ಕೆ ಸೇರುವುದಿಲ್ಲ ಎಂದರು. ಸರಿ, ಗುಬ್ಬಿಯ ತಾಲ್ಲೂಕು ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಹಳೆಯ ಫಾರಂ ಹುಡುಕಿ ತೆಗೆದು ನನ್ನ ಮುಂದಿಟ್ಟರು. ಅದರ ಪ್ರಕಾರ ನಾನು ಅಕ್ಕನ ಕುಟುಂಬದ ದುಡಿಯುವ ಗಂಡಸು.

"ಮಾಹಿತಿ ಕೊಟ್ಟವರ ಸಹಿ ಅಂತಿದೆ. ಯಾರ್ದು ಸಾರ್ ಇದು?"

"ನನ್ದೇ."

"ಎರಡು ಗೆರೆ ಬೇರೆ ಎಳ್ದಿದೀರ!" ಅವರು ನಕ್ಕರು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಮರುಪರಿಶೀಲನೆಗೆ ಅಂತ ಅರ್ಜಿ ಕೊಡಿ. ರೆವಿನ್ಯೂ ಇನ್‌ಸ್ಪೆಕ್ಟರು ಬಂದು ನೋಡ್ತಾರೆ. ಇರೋದನ್ನ ಇದ್ದಂಗೆ ಹೇಳಿದ್ರೆ ಕಾರ್ಡ್ ಆಗ್ತದೆ."

ಅಕ್ಕ ಒಪ್ಪಲಿಲ್ಲ. "ಏನ್ಲಾ, ನಿಂಗೇನು ತಲೆ ಕೆಟ್ಟಿದ್ಯಾ? ಅರವತ್ತು ಮರ ಅಂತ ಬೀಗರಿಗೆ ಹೇಳ್ದೋನು ನೀನು. ಈಗ ಕಾರ್ಡ್ ಹಿಡ್ಕೊಂಡು ಆಸ್ಪತ್ರೇಲಿ ಮಲಗಿದ್ರೆ ನನ್ ಮಗಳು ಆ ಮನೇಲಿ ತಲೆ ಎತ್ಕೊಂಡು ತಿರುಗಕ್ಕಾಗ್ತದಾ?" ಮಗಳು ತುಂಬು ಬಸುರಿ. ನಾನು ಅತ್ತು ಕರೆದು, ಕೊನೆಗೆ ಬೈದು, ಅರ್ಜಿಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡೆ.

ಇನ್‌ಸ್ಪೆಕ್ಟರು ಯಾವ ದಿನ ಬರುತ್ತಾರೆಂದು ಯಾರೂ ಹೇಳಿರಲಿಲ್ಲ. ಅವರು ಬಂದ ದಿನವೇ ಬೀಗರೂ ಬಂದಿದ್ದರು, ಹೆರಿಗೆಗೆ ಸೊಸೆಯನ್ನು ತವರಿಗೆ ಬಿಡಲು. ನಡುಮನೆಯಲ್ಲಿ ಅವರಿಗೆ ನಾನು ಕಾಫಿ ಕೊಡುತ್ತಿದ್ದೆ. ಇನ್‌ಸ್ಪೆಕ್ಟರು ಬಾಗಿಲಲ್ಲೇ ನಿಂತು ಕೇಳಿದರು: "ಏನಮ್ಮ, ಅಡಿಕೆ ಸುಲಿಯೋ ಕೂಲಿಗೆ ಹೋಗ್ತೀರಂತಲ್ಲ, ಹೌದಾ?"

ಅಕ್ಕ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇಲ್ಲ ಸ್ವಾಮಿ. ನನ್ ತಮ್ಮ ಏನೋ ತಿಳೀದೆ ಅರ್ಜಿ ಹಾಕ್ಬುಟ್ಟವ್ನೆ. ನಮಗೇನೂ ಕಮ್ಮಿ ಇಲ್ಲ."

ಅವರು ನನ್ನತ್ತ ತಿರುಗಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾಫಿ ಲೋಟ ಹಿಡಿದ ಬೀಗರೂ ನನ್ನನ್ನೇ ನೋಡುತ್ತಿದ್ದರು. "ಹೌದು ಸಾರ್, ನಂದೇ ತಪ್ಪು ತಿಳುವಳಿಕೆ" ಎಂದೆ. ಬದುಕಿನಲ್ಲಿ ಎಂಥೆಂಥ ಕ್ಷುಲ್ಲಕ ವಿಷಯಕ್ಕೆಲ್ಲ ತಲೆ ಕೆಡಿಸಿಕೊಂಡಿದ್ದೇನೆ. ಅವತ್ತು ಮಾತ್ರ ಆ ಮನುಷ್ಯ ಹೊರಟುಹೋದನಲ್ಲ ಎಂದು ನನಗೆ ನಿರಾಳವಾಯಿತು.

ಮತ್ತೆ ಅರ್ಜಿ ಹಾಕುವ ಧೈರ್ಯ ನಾನು ಮಾಡಲಿಲ್ಲ. ಮೊಮ್ಮಗನನ್ನು ಎತ್ತಿಕೊಂಡು ಅಕ್ಕ ಎರಡು ವರ್ಷ ಮಾತ್ರೆಯ ಮೇಲೆ ಇದ್ದಳು. ಆಮೇಲೆ ಒಂದು ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ಕುಸಿದಳು.

ಅವಳ ತಿಥಿಯೂಟದಲ್ಲಿ ಸಾರಿನ ಬಕೆಟ್ಟು ಹಿಡಿದು ಬಡಿಸುತ್ತ ಬಂದೆ. ಎಲೆಯ ಮುಂದೆ ಕೂತಿದ್ದ ಬೀಗರು ತಲೆ ಎತ್ತಿದರು. ಮಾರ್ಕೋನಹಳ್ಳಿ ಡ್ಯಾಮಿನ ನೀರು ಹರಿಯುವ ಗದ್ದೆ ಅವರದು, ಬಾಗಿಲಲ್ಲಿ ಮೋಟರ್ ಬೈಕು.

"ಆಪರೇಷನ್ ಮಾಡ್ಸಿದ್ರೆ ಉಳ್ಕೊತಿದ್ರು ಅಂತಾವ್ರೆ ಎಲ್ಲ. ಯಾಕ್ ಬೀಗ್ರೆ ಮಾಡಿಸ್ಲಿಲ್ಲ?"

"ಕಾರ್ಡ್ ಇರ್ಲಿಲ್ಲ."

"ಅಯ್ಯೋ, ನಮ್ಗೊಂದು ಮಾತು ಹೇಳ್ಬಾರ್ದಿತ್ತಾ? ನಮ್ದು ಮೊದ್ಲಿಂದ ಹಸಿರು ಕಾರ್ಡೇ ಅಲ್ವಾ! ನಮ್ಮನೆಯೋಳ ಆಪರೇಷನ್ನು ಅದ್ರಲ್ಲೇ ಆಗಿದ್ದು. ಬರ್ಕೊಳೋನು ಬಂದಾಗ ದನದ ಕೊಟ್ಟಿಗೆ ತೋರ್ಸಿ, ಇಲ್ಲೇ ಮಲಗೋದು ಸ್ವಾಮಿ ಅಂದ್ಬುಟ್ಟೆ." ಪಕ್ಕದ ಎಲೆಯವರು ನಕ್ಕರು. ಅವರೂ ನಕ್ಕು, ಎಲೆಯ ಮೇಲೆ ಕೈ ಅಡ್ಡ ಹಿಡಿದರು. "ಸಾಕು ಸಾಕು. ಹಾಕ್ತಾನೇ ಇದೀರಲ್ಲ ಬೀಗ್ರೆ."

ಸಾರು ಎಲೆ ದಾಟಿ ಚಾಪೆಗೆ ಹರಿದಿತ್ತು.