ಈರುಳ್ಳಿ ಮನೆತನದ ಕೊಹೆನ್

ಹೈಫಾದಲ್ಲಿ ಟೆಲಿಫೋನ್ ಪುಸ್ತಕ ವರ್ಷಕ್ಕೊಮ್ಮೆ ಮನೆ ಮನೆಗೂ ಬರುತ್ತಿದ್ದ ಕಾಲದಲ್ಲಿ, ನಮ್ಮ ಎದುರು ಮನೆಯ ಮೊಟ್ಲ್ ತ್ಸಿಬೆಲ್ಮಾನ್ ಮೊದಲು ತೆರೆಯುತ್ತಿದ್ದುದು ತನ್ನ ಹೆಸರಿರುವ ಪುಟವನ್ನು. ಅಲ್ಲಿ ಅವನೊಬ್ಬನೇ ಇರುತ್ತಿದ್ದ. ಆಮೇಲೆ ಅಂಚೆ ಕಚೇರಿಗೆ ಹೋಗಿ ಜೆರುಸಲೇಮಿನದು, ಟೆಲ್ ಅವೀವಿನದು, ದಕ್ಷಿಣದ ಊರುಗಳದು ಎಲ್ಲ ಪುಸ್ತಕಗಳನ್ನೂ ತಿರುವಿ ಹಾಕುತ್ತಿದ್ದ. ಎಲ್ಲೂ ಯಾರೂ ಇಲ್ಲ. ಹಿಂತಿರುಗುವಾಗ ಮೆಟ್ಟಿಲ ಮೇಲೆ ನಾನು ಸಿಕ್ಕರೆ, "ಈ ವರ್ಷವೂ ದೇಶಕ್ಕೆಲ್ಲ ನಾನೊಬ್ನೇ ಕಣಮ್ಮ ರೈಝಾ" ಅನ್ನುತ್ತಿದ್ದ. ಹೆಮ್ಮೆಯಿಂದ ಹೇಳುತ್ತಿದ್ದನೋ ಹೊಟ್ಟೆಯ ಸಂಕಟದಿಂದಲೋ, ಇಷ್ಟು ವರ್ಷ ಎದುರು ಬದುರು ಬಾಳಿದರೂ ನನಗೆ ತಿಳಿಯಲಿಲ್ಲ.

ಯಿದ್ದಿಶ್ ಮಾತಿನಲ್ಲಿ ತ್ಸಿಬೆಲೆ ಅಂದರೆ ಈರುಳ್ಳಿ. ತ್ಸಿಬೆಲ್ಮಾನ್ ಅಂದರೆ ಈರುಳ್ಳಿಯವನು. ಅವನ ಜೊತೆ ಬಸ್ಸು ಓಡಿಸುತ್ತಿದ್ದವರು ಅವನು ಬಂದರೆ ಕಣ್ಣೊರೆಸಿಕೊಳ್ಳುವ ನಾಟಕವಾಡುತ್ತಿದ್ದರು. ಹೆಸರು ಬದಲಾಯಿಸಿ ಒಳ್ಳೆಯದೊಂದು ಹೀಬ್ರೂ ಹೆಸರು ಇಟ್ಟುಕೊಳ್ಳೋ ಎಂದು ಮೇಲಿನವರೂ ಹೇಳಿದ್ದರು. ಆ ಕಾಲದಲ್ಲಿ ಎಲ್ಲರೂ ಬದಲಾಯಿಸಿಕೊಳ್ಳುತ್ತಿದ್ದರು. ನನ್ನ ಗಂಡನೂ ಬದಲಾಯಿಸಿಕೊಂಡ, ನಮಗೇನೂ ನಷ್ಟವಾಗಲಿಲ್ಲ. ಮೊಟ್ಲ್ ಮಾತ್ರ ಜಗ್ಗಲಿಲ್ಲ.

ಜಗ್ಗುವುದಾದರೂ ಹೇಗೆ? ಮಹಾಯುದ್ಧ ಮುಗಿದ ಮೇಲೆ ಯುರೋಪಿನ ಅನಾಥ ಮಕ್ಕಳ ಹಡಗಿನಲ್ಲಿ ಬಂದಿಳಿದಾಗ ಅವನಲ್ಲಿ ಇದ್ದುದು ಹೆಸರು, ಊರಿನ ಹೆಸರು, ಒಂದೇ ಒಂದು ನೆನಪು. ಹಬ್ಬದ ದಿನ ಪ್ರಾರ್ಥನಾ ಮಂದಿರದಲ್ಲಿ ಪುರೋಹಿತ ವಂಶದ ಕೊಹೆನ್‌ಗಳು ಜನರನ್ನು ಹರಸುವ ಹೊತ್ತು. ಅಪ್ಪನ ಬಿಳಿಯ ಪ್ರಾರ್ಥನಾ ಶಾಲಿನ ಕೆಳಗೆ ಅವನು ನಿಂತಿದ್ದಾನೆ. ಒಳಗೆ ಹಾಲಿನಂಥ ಬೆಳಕು. ಅಪ್ಪ ಆಮೆನ್ ಅಂದಾಗಲೆಲ್ಲ ಗಡ್ಡ ಇವನ ನೆತ್ತಿಗೆ ತಾಗುತ್ತದೆ. ಅಷ್ಟೇ. ಅಪ್ಪನ ಮುಖವೂ ನೆನಪಿಲ್ಲ.

ಮಕ್ಕಳ ಆಶ್ರಮಕ್ಕೆ ಅದೇ ಊರಿನ ಮುದುಕನೊಬ್ಬ ತನ್ನವರನ್ನು ಹುಡುಕಿಕೊಂಡು ಬಂದಿದ್ದನಂತೆ. ತನ್ನವರು ಯಾರೂ ಸಿಗಲಿಲ್ಲ, ಈ ಹುಡುಗ ಸಿಕ್ಕ. ಹೆಸರು ಕೇಳಿ, ತ್ಸಿಬೆಲ್ಮಾನನೇ, ನಿಮ್ಮ ಮನೆಯವರು ಹಬ್ಬ ಹಬ್ಬಕ್ಕೂ ಮುಂದೆ ನಿಂತು ನಮ್ಮನ್ನೆಲ್ಲ ಹರಸುತ್ತಿದ್ದರು, ನೀನು ಕೊಹೆನ್ ಕಣೋ, ಎಂದು ತಬ್ಬಿಕೊಂಡು ಅತ್ತನಂತೆ. ಹುಡುಗ ತನ್ನ ನೆನಪನ್ನು ಹೇಳಿದ. ಶಾಲು, ಆಶೀರ್ವಾದ, ಅಪ್ಪ. ಇನ್ನೇನು ಬೇಕು? ಅಂದಿನಿಂದ ಅವನು ಕೊಹೆನ್, ಆರೋನನ ವಂಶದವನು, ಹಳೆಯ ದೇಗುಲದ ಪುರೋಹಿತರ ಪೀಳಿಗೆ.

ಕೊಹೆನ್ ಆದವನಿಗೆ ಮರ್ಯಾದೆ ಎಷ್ಟೋ ಕಟ್ಟುಪಾಡೂ ಅಷ್ಟೇ. ನಮ್ಮ ಹದಾರ್ ಬಡಾವಣೆಯ ಪುಟ್ಟ ಮಂದಿರದಲ್ಲಿ ಬೇರೆ ಕೊಹೆನ್ ಇರಲಿಲ್ಲ. ಶನಿವಾರ ಧರ್ಮಗ್ರಂಥ ಓದಲು ಮೊದಲ ಕರೆ ಅವನಿಗೆ. ಬೂಟು ಕಳಚಿ, ಕೈ ತೊಳೆದು, ಮುಂದೆ ನಿಂತು ನಮ್ಮನ್ನೆಲ್ಲ ಹರಸುವವನೂ ಅವನೇ. ಚೊಚ್ಚಲ ಗಂಡು ಹುಟ್ಟಿದರೆ ಕೊಹೆನ್ ಕೈಯಲ್ಲಿ ಬೆಳ್ಳಿ ನಾಣ್ಯ ಇಟ್ಟು ಮಗುವನ್ನು ದೇವರಿಂದ ಬಿಡಿಸಿಕೊಳ್ಳಬೇಕು. ನನ್ನ ಹಿರಿಯ ಮಗನನ್ನು ಬಿಡಿಸಿಕೊಟ್ಟವನು ಮೊಟ್ಲ್. ಹೆಣವಿರುವ ಕಡೆ ಕೊಹೆನ್ ಕಾಲಿಡುವಂತಿಲ್ಲ. ಹಾಗಾಗಿ ಗೆಳೆಯರನ್ನು ಮಣ್ಣು ಮಾಡುವಾಗಲೆಲ್ಲ ಇವನು ಸ್ಮಶಾನದ ಗೇಟಿನ ಹೊರಗೆ ಟೊಪ್ಪಿ ಹಿಡಿದು ನಿಂತಿರುತ್ತಿದ್ದ. ಗಂಡ ಬಿಟ್ಟ ಹೆಣ್ಣನ್ನು ಅವನು ಮದುವೆಯಾಗುವಂತಿಲ್ಲ.

ಕಥೆ ಇರುವುದು ಅಲ್ಲೇ. ಕೆಳಗಿನ ಬೀದಿಯಲ್ಲಿ ಗುಂಡಿ, ದಾರ, ಲೇಸು ಮಾರುತ್ತಿದ್ದ ಹೆನ್ಯಾ ರೊಮೇನಿಯಾದಿಂದ ಬಂದವಳು. ಎಳೆಯ ವಯಸ್ಸಿನಲ್ಲೇ ಮದುವೆ, ಎರಡು ವರ್ಷದೊಳಗೆ ವಿಚ್ಛೇದನ. ಮೊಟ್ಲ್ ಅವಳ ಅಂಗಡಿಗೆ ಕೋಟಿನ ಗುಂಡಿಗೆಂದು ಹೋದವನು, ಕೋಟಿನಲ್ಲಿ ಗುಂಡಿ ಹೊಲಿಯಲು ಜಾಗ ಉಳಿಯದಷ್ಟು ಸಲ ಹೋದ. ನಾವೆಲ್ಲ ನಗುತ್ತಿದ್ದೆವು. ಒಂದು ದಿನ ಇಬ್ಬರೂ ಮದುವೆ ನೋಂದಾಯಿಸಲು ಹೊರಟರು. ನಮ್ಮಲ್ಲಿ ಮದುವೆ ಬರೆದುಕೊಳ್ಳುವುದು ಧರ್ಮಗುರುಗಳಾದ ರಬ್ಬಿಗಳ ಕಚೇರಿ, ಅಲ್ಲಿ ವಂಶ ಯಾವುದೆಂದು ಕೇಳಿಯೇ ಕೇಳುತ್ತಾರೆ. ನಮ್ಮ ಮನೆಯ ಬಾಗಿಲ ಮುಂದೆ ನಿಂತು ಹೆನ್ಯಾ ಅವನನ್ನು ಅಂಗಲಾಚಿದ್ದನ್ನು ನಾನು ಕಿವಿಯಾರೆ ಕೇಳಿದೆ.

"ಕೊಹೆನ್ ಅಲ್ಲ ಅಂತ ಒಂದು ಮಾತು ಹೇಳಿಬಿಡು ಮೊಟ್ಲ್. ನಿಮ್ಮಪ್ಪ ಯಾರು ಅಂತ ಭೂಮಿ ಮೇಲೆ ಯಾರಿಗೂ ಗೊತ್ತಿಲ್ಲ."

"ಅಪ್ಪಂದು ಅಂತ ನನ್ನ ಹತ್ರ ಇರೋದು ಅದೊಂದೇ ಹೆನ್ಯಾ. ಅದನ್ನೂ ಇಲ್ಲ ಅನ್ಲಾ?"

ಅವನು ಹಾಗೇ. ತಾನು ಓಡಿಸುವ ಬಸ್ಸಿಗೆ ಬಸುರಿ ಹತ್ತಿದರೂ, ಹೆನ್ಯಾಳೇ ಹತ್ತಿದರೂ ಚೀಟಿ ಹರಿಯದೆ ಬಿಡುತ್ತಿರಲಿಲ್ಲ. ಸುಳ್ಳು ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತಿತ್ತು. ಕಚೇರಿಯಲ್ಲಿ ಕೇಳಿದರು, ಕೊಹೆನ್ ಅಂದ, ಕಡತ ಮುಚ್ಚಿದರು. ಹಡಗು ಹತ್ತಿ ಸೈಪ್ರಸ್ಸಿಗೆ ಹೋಗಿ ಸರಕಾರಿ ಮದುವೆಯಾಗುವ ದಾರಿಯಿತ್ತು. ದೇವರಿಗೆ ಬೆನ್ನು ಹಾಕಿ ಹೋಗಲಾರೆ ಅಂದ. ಇಂಥ ಗಂಡಸಿಗೆ ಎರಡು ಬಾರಿಸಿ ಇನ್ನೊಬ್ಬನನ್ನು ಕಟ್ಟಿಕೊಳ್ಳಬೇಕಿತ್ತು. ಹೆನ್ಯಾ ಹಾಗೆ ಮಾಡಲಿಲ್ಲ. ನಮ್ಮ ಕಟ್ಟಡದಲ್ಲೇ ಮೇಲಿನ ಮಹಡಿಗೆ ಬಾಡಿಗೆಗೆ ಬಂದಳು. ಅವಳು ಅಡುಗೆ ಮಾಡುವಳು, ಅವನು ನಲ್ಲಿ ರಿಪೇರಿ ಮಾಡುವನು. ಶನಿವಾರ ಊಟಕ್ಕೆ ನನ್ನನ್ನೂ ನನ್ನ ಗಂಡನನ್ನೂ ಕೂರಿಸಿಕೊಂಡು ಇಬ್ಬರೂ ಮೇಜಿನ ಎರಡು ತುದಿಗೆ ಕೂರುವರು. ಹೀಗೇ ಇಬ್ಬರ ಕೂದಲೂ ಬೆಳ್ಳಗಾಯಿತು.

ಕಂಪ್ಯೂಟರಿನಲ್ಲಿ ಹೆಸರು ಹುಡುಕಿದ್ದು ನನ್ನ ಮೊಮ್ಮಗಳು. ಇಡೀ ಜಗತ್ತಿನಲ್ಲಿ ತ್ಸಿಬೆಲ್ಮಾನ್ ಅನ್ನುವವರು ಹಿಡಿಯಷ್ಟೂ ಇರಲಿಲ್ಲ. ಇಲ್ಲಿ ಮೊಟ್ಲ್, ಅಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಒಂದೇ ಕುಟುಂಬ. ಅವಳು ಅವರಿಗೆ ಬರೆದಳು. ಪರದೆ ಬಟ್ಟೆಯ ವ್ಯಾಪಾರಿ ಇಸಿದೋರೊ ತ್ಸಿಬೆಲ್ಮಾನ್ ಎಂಬವರು ವಸಂತದಲ್ಲಿ ವಿಮಾನ ಹತ್ತಿ ಬಂದೇಬಿಟ್ಟರು. ಗುಂಡಗೆ, ಸುಗಂಧ ಹಚ್ಚಿಕೊಂಡು, ಮಾತಿಗೊಮ್ಮೆ ನಗುವ ಮನುಷ್ಯ. ವಿಮಾನ ನಿಲ್ದಾಣದಲ್ಲಿ ಮೊಟ್ಲ್ ಅವರ ಎರಡೂ ಕೆನ್ನೆ ಹಿಡಿದುಕೊಂಡು ಬಿಡಲೇ ಇಲ್ಲ. ತನ್ನ ಹೆಸರಿನ ಇನ್ನೊಬ್ಬ ಮನುಷ್ಯನನ್ನು ಅವನು ಬುದ್ಧಿ ಬಂದಾಗಿನಿಂದ ನೋಡಿರಲಿಲ್ಲ.

ಶನಿವಾರ ಮಂದಿರಕ್ಕೆ ಕರೆತಂದ. ನಾವು ಹೆಂಗಸರು ಮೇಲಿನ ಉಪ್ಪರಿಗೆಯಲ್ಲಿದ್ದೆವು, ಹೆನ್ಯಾ ನನ್ನ ಪಕ್ಕದಲ್ಲಿ. ಗ್ರಂಥ ಹೊರತೆಗೆದರು. ಮೊಟ್ಲ್ ತನ್ನ ಮೊದಲ ಕರೆಯನ್ನು ಅತಿಥಿಗೆ ಬಿಟ್ಟುಕೊಟ್ಟ. ಇವತ್ತು ಇನ್ನೊಬ್ಬ ಕೊಹೆನ್ ಬಂದಿದ್ದಾರೆ ಎಂದು ಮುಖವರಳಿಸಿ ಎಲ್ಲರಿಗೂ ಕೇಳುವಂತೆ ಹೇಳಿದ. ಇಸಿದೋರೊ ಕೂತಲ್ಲಿಂದ ಏಳಲಿಲ್ಲ. ನಾನು ಕೊಹೆನ್ ಅಲ್ಲ, ನಮ್ಮ ಮನೆಯಲ್ಲಿ ಯಾರೂ ಅಲ್ಲ, ನಾವು ಪುರೋಹಿತರಲ್ಲದ ಸಾದಾ ಇಸ್ರಾಯೇಲ್ ಕುಲದವರು ಅಂದರು. ಗಂಡಸರೆಲ್ಲ ಗೊಳ್ಳೆಂದು ನಕ್ಕರು. ಅರ್ಜೆಂಟೀನಾದವರು ಧರ್ಮ ಮರೆತಿದ್ದಾರೆ ಎಂದು ಯಾರೋ ಚುಚ್ಚಿದರು. ಮೊಟ್ಲ್ ಕೂಡ ನಕ್ಕ.

ಪ್ರಾರ್ಥನೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಉಪ್ಪು ಮೀನು, ಕುಗೆಲ್ ಎಂಬ ಶಾವಿಗೆ ಕಡುಬು, ಬ್ರಾಂದಿ. ಹೆನ್ಯಾ ಕುಗೆಲ್ ಕತ್ತರಿಸುತ್ತಿದ್ದಳು. ಇಸಿದೋರೊ ತಮ್ಮ ಅಜ್ಜನಿಂದ ಕೇಳಿದ ಮನೆತನದ ಕಥೆ ಬಿಚ್ಚಿದರು. ಜನರಿಗೆಲ್ಲ ಮನೆತನದ ಹೆಸರು ಹಂಚಲು ಚಕ್ರವರ್ತಿಯ ಅಧಿಕಾರಿ ಊರಿಗೆ ಬಂದಿದ್ದನಂತೆ. ಕೈ ಬೆಚ್ಚಗೆ ಮಾಡಿದವರಿಗೆ ಗುಲಾಬಿ, ಬಂಗಾರ ಅನ್ನುವಂಥ ಹೆಸರು. ಇವರ ಹಿರಿಯನ ಕೈಯಲ್ಲಿದ್ದುದು ಈರುಳ್ಳಿಯ ಜಡೆ. ಹೀಗೆ ತ್ಸಿಬೆಲ್ಮಾನ್. ಮುಂದೆ ಆ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು, ಒಬ್ಬನಿಗೆ ಮಕ್ಕಳಿಲ್ಲ. ಒಬ್ಬನೇ ಮಗನಾದರೆ ಸೈನ್ಯಕ್ಕೆ ಹಿಡಿಯುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಗಂಡು ಮಕ್ಕಳ ಸಾಲೇ ಇತ್ತು. ಅವರು ಒಬ್ಬನನ್ನು ಈ ಮಕ್ಕಳಿಲ್ಲದವನ ಮಗನೆಂದು ಬರೆಸಿ ಉಳಿಸಿಕೊಂಡರು. ಆ ಪಕ್ಕದ ಮನೆಯವರು ಕೊಹೆನ್‌ಗಳು, ಹೆಸರು ಬದಲಾದರೂ ರಕ್ತ ಬದಲಾಗದು.

"ಹಾಗಾಗಿ ಊರಲ್ಲಿ ಎರಡು ಥರದ ತ್ಸಿಬೆಲ್ಮಾನರು. ಬರೆಸಿಕೊಂಡವರು ಕೊಹೆನ್. ಹುಟ್ಟಿದವರು ನಾವು" ಎಂದರು ಇಸಿದೋರೊ, ಮೀನು ಅಗಿಯುತ್ತ.

ಆಶ್ರಮಕ್ಕೆ ಬಂದಿದ್ದ ಮುದುಕ ನೋಡಿದ್ದು ಯಾವ ತ್ಸಿಬೆಲ್ಮಾನನನ್ನು? ಈ ಪ್ರಶ್ನೆ ನನ್ನ ತಲೆಗೆ ಬಂತು, ಹಿಂದೆಯೇ ಬೇಡವೆಂದು ತಳ್ಳಿದೆ. ಮೊಟ್ಲ್ ಮಾತ್ರ ನಿಶ್ಚಿಂತನಾಗಿದ್ದ. ಹಾಗಾದರೆ ನಾನು ಬರೆಸಿಕೊಂಡ ಕಡೆಯವನು ಎಂದು ಹೇಳಿ, ನಾವು ಸಾವಿರ ಸಲ ಕೇಳಿದ ಅದೇ ನೆನಪನ್ನು ಮತ್ತೆ ಹೇಳಿದ. ಶಾಲು, ಹಾಲಿನಂಥ ಬೆಳಕು, ಆಮೆನ್ ಅಂದಾಗ ನೆತ್ತಿಗೆ ತಾಗುವ ಗಡ್ಡ.

ಇಸಿದೋರೊ ಪ್ರೀತಿಯಿಂದ ತಲೆಯಾಡಿಸಿದರು. "ನಮ್ಮಪ್ಪನೂ ನನ್ನನ್ನ ಹಾಗೇ ಶಾಲಿನೊಳಗೆ ಎಳ್ಕೋತಿದ್ರು. ಹರಸೋವಾಗ ಕೊಹೆನ್‌ಗಳನ್ನ ನೋಡಬಾರದಲ್ಲ."

ಹೆನ್ಯಾ ಚಾಕು ಕೆಳಗಿಟ್ಟಳು. "ನಿಮ್ಮಪ್ಪ ಆಮೆನ್ ಅಂದ್ರಾ?" ಎಂದು ಮೊಟ್ಲ್‌ನನ್ನು ಕೇಳಿದಳು.

ಹರಸುವ ಕೊಹೆನ್ ಆಮೆನ್ ಅನ್ನುವುದಿಲ್ಲ. ಹರಸುತ್ತಾನೆ. ಆಮೆನ್ ಅನ್ನುವವರು ಕೆಳಗೆ ನಿಂತವರು, ಮಕ್ಕಳನ್ನು ಶಾಲಿನೊಳಗೆ ಮುಚ್ಚಿಕೊಂಡವರು, ನಮ್ಮ ನಿಮ್ಮಂಥವರು. ಇದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಇಷ್ಟು ವರ್ಷ ಆ ಕಥೆಯನ್ನು ರಬ್ಬಿ ಕೇಳಿದ್ದರು, ನಾನು ಕೇಳಿದ್ದೆ, ಇಡೀ ಬಡಾವಣೆ ಕೇಳಿ ಕಣ್ಣೀರಿಟ್ಟಿತ್ತು. ಒಬ್ಬರಿಗಾದರೂ ಹೊಳೆಯಬೇಡವೇ? ಮೊಟ್ಲ್ ಬ್ರಾಂದಿ ಲೋಟ ಹಿಡಿದವನು ಹಿಡಿದಂತೆಯೇ ನಿಂತಿದ್ದ. "ಹಾಗಾದ್ರೆ ಅಷ್ಟು ಜನರ ಮಣ್ಣಿಗೆ ಗೇಟಿನ ಹೊರಗೆ ನಿಂತಿದ್ನಲ್ಲ" ಎಂದ. ಇಸಿದೋರೊ ತಾವೇನು ತಪ್ಪು ಹೇಳಿದೆವು ಎಂದು ಒಬ್ಬೊಬ್ಬರ ಮುಖ ನೋಡುತ್ತಿದ್ದರು.

ಸಂಜೆಯೊಳಗೆ ಸುದ್ದಿ ಹಬ್ಬಿತು. ಮೊಟ್ಲ್ ಕೈಯಿಂದ ಚೊಚ್ಚಲು ಬಿಡಿಸಿಕೊಂಡ ತಾಯಂದಿರೆಲ್ಲ ರಬ್ಬಿಯ ಮನೆಗೆ ಓಡಿದರು. ನಾನೂ ಓಡಿದೆ. ನನ್ನ ಮಗನಿಗೆ ಬೋಳುತಲೆ ಬಂದಿದೆ, ಇನ್ನೂ ದೇವರ ಹತ್ತಿರ ಅಡವಿದ್ದಾನೆ ಅಂದರೆ ಯಾವ ತಾಯಿಗೆ ತಡೆಯುತ್ತದೆ?

ಆದರೆ ನನಗೆ ನಿಜವಾದ ಭಯವಿದ್ದುದು ಹೆನ್ಯಾಳದು. ಅವಳು ಅಳಲಿಲ್ಲ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತಳು. ಮೊಟ್ಲ್ ಬಾಗಿಲು ತಟ್ಟಿದರೆ ತೆಗೆಯಲಿಲ್ಲ. ಸಾರು ತೆಗೆದುಕೊಂಡು ಹೋದ ನನಗೆ ತೆಗೆದಳು.

"ಇಷ್ಟು ವರ್ಷ ದೇವರ ಮೇಲೆ ಸಿಟ್ಟು ಇಟ್ಕೊಂಡಿದ್ದೆ ರೈಝಾ. ಪಾಪ, ಆ ದೇವರದೇನೂ ತಪ್ಪೇ ಇರಲಿಲ್ಲ. ಅಡ್ಡ ಯಾರೂ ಬಂದಿರಲಿಲ್ಲ. ಈಗ ಯಾರ ಮೇಲೆ ಸಿಟ್ಟು ಮಾಡ್ಲಿ ಹೇಳು."

ಸಾರು ಬಿಸಿ ಮಾಡಿ ಕೊಟ್ಟು ಬಂದೆ. ಆಮೇಲೆ ಒಂದು ಬೆಳಿಗ್ಗೆ ಅವಳು ನೀಲಿ ಕೋಟು ತೊಟ್ಟು, ತುಟಿಗೆ ಬಣ್ಣ ಹಚ್ಚಿ ಕೆಳಗಿಳಿದು ಬಂದಳು. ಮೊಟ್ಲ್‌ನ ಬಾಗಿಲು ಬಡಿದು, "ಹೊರಡು. ನಿಮ್ಮ ಅರ್ಜೆಂಟೀನಾದವರು ಊರಿಗೆ ಹೋಗೋ ಮೊದಲು ಸಾಕ್ಷಿ ಹೇಳಬೇಕು" ಅಂದಳು. ಗಡ್ಡ ಬೋಳಿಸದ ಮೊಟ್ಲ್ ಅವಳನ್ನೇ ನೋಡಿದ. ಮದುವೆಯಾ, ಈ ವಯಸ್ಸಿನಲ್ಲಾ ಎಂದು ಗೊಣಗಿದ. ಹೆನ್ಯಾ ಅವನ ಟೊಪ್ಪಿ ತೆಗೆದು ಕೈಗಿಟ್ಟಳು. ನಾನೂ ಜೊತೆಗೆ ಹೊರಟೆ.

ಅದೇ ಮದುವೆ ನೋಂದಣಿ ಕಚೇರಿಯಲ್ಲಿ ಮೂವರು ರಬ್ಬಿಗಳು ವಿಚಾರಣೆಗೆ ಕೂತಿದ್ದರು. ನಡುವಿನವರು ಹಿರಿಯರು, ಕಣ್ಣಲ್ಲಿ ಕರುಣೆ ಇತ್ತು. ಇಸಿದೋರೊ ಎರಡು ಬಗೆಯ ತ್ಸಿಬೆಲ್ಮಾನರ ಕಥೆ ಹೇಳಿದರು. ಮೊಟ್ಲ್‌ನ ಅಪ್ಪ ಯಾವ ಕಡೆಯವನೆಂದು ಕೇಳಿದಾಗ ಅವರು ಕೈ ಚೆಲ್ಲಿದರು. ತಾವು ಹುಟ್ಟಿದ್ದೇ ಬ್ಯೂನಸ್ ಐರಿಸ್‌ನಲ್ಲಿ, ಊರಿನವರನ್ನು ಕಂಡವರಲ್ಲ. ಹೆಸರಿನಿಂದ ಏನೂ ತೀರ್ಮಾನವಾಗುವಂತಿರಲಿಲ್ಲ. ಉಳಿದದ್ದು ಮೊಟ್ಲ್‌ನ ನೆನಪು.

ಅವನು ಎದ್ದು ನಿಂತು ಹೇಳಿದ. ಶಾಲು, ಬೆಳಕು, ಗಡ್ಡ. ಅಲ್ಲಿಗೆ ತಡೆದ. ಹಿರಿಯ ರಬ್ಬಿ ಮುಂದಕ್ಕೆ ಬಾಗಿ, ಬಾಲ್ಯದ ನೆನಪು ಮೋಸ ಮಾಡುತ್ತದೆ, ಸತ್ಯವನ್ನೇ ಹೇಳಬೇಕು ಎಂದು ಎಚ್ಚರಿಸಿದರು.

"ತಂದೆಯವರು ಆಮೆನ್ ಅಂದದ್ದು ನಿಮಗೆ ಖಂಡಿತ ನೆನಪಿದೆಯಾ?"

ಸುಳ್ಳಾಡಲಾರದ ಈ ಮನುಷ್ಯನ ಚಾಳಿ ನನಗೆ ಗೊತ್ತಿಲ್ಲವೇ. ಮೊಟ್ಲ್ ಹೆನ್ಯಾಳ ಕಡೆ ತಿರುಗಿದ. ಅವಳು ಅವನನ್ನು ನೋಡದೆ ಮಡಿಲಲ್ಲಿ ಕೈಕಟ್ಟಿ ಕೂತಿದ್ದಳು.

"ಖಂಡಿತ ನೆನಪಿದೆ. ಅಪ್ಪ ಆಮೆನ್ ಅಂದ್ರು."

ರಬ್ಬಿಗಳು ತಲೆ ಸೇರಿಸಿ ಮಾತಾಡಿಕೊಂಡರು. ಮೊಟ್ಲ್ ಕೊಹೆನ್ ಅಲ್ಲ, ಮದುವೆಗೆ ಅಡ್ಡಿಯಿಲ್ಲ ಎಂದು ಹಿರಿಯರು ತೀರ್ಪು ಹೇಳಿ ಶುಭ ಕೋರಿದರು. ಇಸಿದೋರೊ ಜೋರಾಗಿ ಮೂಗು ಒರೆಸಿಕೊಂಡರು.

ಹೊರಗೆ ಮೆಟ್ಟಿಲಿಗೆ ಬಂದ ಮೇಲೆ ಮೊಟ್ಲ್ ಕಂಬಿ ಹಿಡಿದು ನಿಂತುಬಿಟ್ಟ. "ಹೆನ್ಯಾ, ಗಡ್ಡ ತಾಗಿದ್ದು ಗೊತ್ತು. ಆಮೆನ್ ಕೇಳಿಸಿತ್ತಾ, ಹೇಳ್ತಾ ಹೇಳ್ತಾ ನಾನೇ ಸೇರಿಸಿದ್ನಾ, ನನಗೆ ಗೊತ್ತಿಲ್ಲ. ಒಳಗೆ ನಾನು ಸುಳ್ಳು ಹೇಳ್ದೆ."

ಮೊಟ್ಲ್ ತ್ಸಿಬೆಲ್ಮಾನ್ ಸುಳ್ಳು ಹೇಳಿದ್ದಾನೆ, ಅದೂ ರಬ್ಬಿಗಳ ಎದುರು. ಹೆನ್ಯಾ ಎರಡು ಮೆಟ್ಟಿಲು ಕೆಳಗಿದ್ದವಳು ತಿರುಗಿ ಅವನನ್ನು ನೋಡಿದಳು.

"ಈ ಒಂದು ಸುಳ್ಳನ್ನ ಅವತ್ತೇ ಹೇಳಿದ್ದಿದ್ರೆ, ಇವತ್ತು ನಮ್ಮ ಮೊಮ್ಮಗಳ ಮದುವೆ ನೋಂದಾಯಿಸೋಕೆ ಬರ್ತಿದ್ವಿ ಇಲ್ಲಿಗೆ" ಅಂದಳು.

ಮೊಟ್ಲ್ ಮೆಟ್ಟಿಲ ಮೇಲೆಯೇ ಕುಸಿದು ಕುಳಿತ.