ಕೋದಂಡಪ್ಪನ ಕಿವಿ

ಚಿನ್ನದ ಗಣಿಯ ಕೆಲಸಗಾರರ ಸಾಲುಮನೆಗಳಾದ ಕೋರಮಂಡಲ್ ಲೈನುಗಳಲ್ಲಿ ಕೋದಂಡಪ್ಪನಿಗೆ ಒಂದು ಹೆಸರಿತ್ತು. ಬಂಡೆ ಇವನ ಜೊತೆ ಮಾತಾಡುತ್ತದೆ ಎನ್ನುತ್ತಿದ್ದರು. ಬೇತಮಂಗಲದ ಕಡೆಯ ರಾಗಿ ಹೊಲದವನು, ಮೀಸೆ ಚಿಗುರುವ ವಯಸ್ಸಿಗೇ ಗಣಿಗಿಳಿದು ಇಪ್ಪತ್ಮೂರು ವರ್ಷ ಸವೆಸಿದವನು. ಹಿಂದಿನ ಪಾಳಿಯವರು ಮದ್ದು ಹಾರಿಸಿ ಹೋದ ಜಾಗಕ್ಕೆ ಗ್ಯಾಂಗಿನಲ್ಲಿ ಎಲ್ಲರಿಗಿಂತ ಮೊದಲು ಕಾಲಿಡುವವನು ಅವನೇ. ಕೈಯಲ್ಲಿ ಉದ್ದನೆಯ ಗಡಾರಿ ಹಿಡಿದು ತಲೆಯ ಮೇಲಿನ ಬಂಡೆಯನ್ನು ತಟ್ಟುತ್ತಿದ್ದ. ಠಣ್ ಎಂದರೆ ಬಂಡೆ ಗಟ್ಟಿ. ಬೊದ್ ಎಂದರೆ ಒಳಗೆ ಬಿರುಕು ಬಿಟ್ಟಿದೆ, ಕೆಡವಿಯೇ ಮುಂದಿನ ಕೆಲಸ. ಅವನು ತಟ್ಟಿ, "ಗಟ್ಟಿ ಐತೆ, ಬರ್ರಲಾ" ಎಂದರೆ ಆರು ಜನ ಹಿಂದುಮುಂದು ನೋಡದೆ ಅದರಡಿಗೆ ಹೋಗಿ ನಿಲ್ಲುತ್ತಿದ್ದರು. ಆರು ಮನೆಯ ಒಲೆ ಅವನ ಕಿವಿಯನ್ನು ನಂಬಿಕೊಂಡಿತ್ತು.

ಆದರೆ ತಟ್ಟುವ ಕೆಲಸ ಗಳಿಗೆಯದು. ಉಳಿದ ಹೊತ್ತೆಲ್ಲ ಬಂಡೆ ಕೊರೆಯುವ ಯಂತ್ರದ್ದು. ಆ ಸದ್ದು ಕಿವಿಯನ್ನು ಗೆದ್ದಲು ತಿಂದಂತೆ ತಿನ್ನುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕೆಳಗೆ ಯಾರೂ ದನಿ ನಂಬಿ ಮಾತಾಡುವವರಲ್ಲ. ಕೈಸನ್ನೆ, ದೀಪದ ಸನ್ನೆ, ತುಟಿ ನೋಡಿ ತಿಳಿಯುವುದು. ಹೀಗೆ ಕೋದಂಡಪ್ಪ ತುಟಿ ಓದುವುದನ್ನು ಕಲಿತ, ತಾನು ಕಲಿತದ್ದು ಅವನಿಗೇ ಗೊತ್ತಾಗಲಿಲ್ಲ. ಮನೆಯಲ್ಲಿ ಮಾತ್ರ ಜಗಳ. "ಈ ಮನೇಲಿ ಬಾಯಿ ಬಿಟ್ಟು ಮಾತಾಡೋರೇ ಇಲ್ಲ, ಎಲ್ರೂ ಗೊಣಗೋರೇ" ಎಂದು ರೇಗುತ್ತಿದ್ದ. ಹೆಂಡತಿ ಅಕ್ಕಯ್ಯಮ್ಮ ಒಲೆಯ ಮುಂದಿನಿಂದ ತಿರುಗಿ, "ಕಿವುಡನ್ನ ಕಟ್ಕೊಂಡು ನನ್ ಗಂಟಲು ಅರಿದೋಯ್ತು" ಎನ್ನುತ್ತಿದ್ದಳು. ಗಂಡನನ್ನು ಕಿವುಡ ಎನ್ನದ ಹೆಂಡತಿ ಯಾವ ಊರಲ್ಲಿದ್ದಾಳೆ? ಅವನೂ ಅದನ್ನು ಬೈಗುಳವೆಂದೇ ತಿಳಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ಅವನು ಊರವರ ಗಂಟಲನ್ನೆಲ್ಲ ಡೊಂಕು ಮಾಡಿಬಿಟ್ಟಿದ್ದ.

ಅವನ ಗ್ಯಾಂಗಿನಲ್ಲಿ ಕುಪ್ಪುಸ್ವಾಮಿ ಎಂಬ ತಮಿಳಿನವನಿದ್ದ. ಹದಿನಾಲ್ಕು ವರ್ಷದ ಜೊತೆಗಾರ. ಬುತ್ತಿ ಬಿಚ್ಚಿದರೆ ಇವನ ಮುದ್ದೆಯಲ್ಲಿ ಅವನಿಗರ್ಧ, ಅವನ ಅನ್ನದಲ್ಲಿ ಇವನಿಗರ್ಧ. ಕುಪ್ಪುಸ್ವಾಮಿಗೆ ಹಾಡಿನ ಹುಚ್ಚು. ಬಂಗಲೆಯ ದೊರೆಯೊಬ್ಬ ಸೀಮೆಗೆ ಹೊರಟಾಗ ಸಾಮಾನು ಮಾರಿದನಲ್ಲ, ಆಗ ಇವನು ರೆಕಾರ್ಡ್ ತಿರುಗಿಸುವ ಯಂತ್ರವನ್ನೂ ಒಂದು ಸ್ಪೀಕರ್ ಪೆಟ್ಟಿಗೆಯನ್ನೂ ಹೊತ್ತು ತಂದ. ನಡುವೆ ಇದ್ದು ಸದ್ದು ಹಿಗ್ಗಿಸಬೇಕಾದ ಆಂಪ್ಲಿಫೈಯರ್ ಸುಟ್ಟುಹೋಗಿತ್ತು. ಅದಿಲ್ಲದೆ ಮಿಕ್ಕವೆರಡೂ ಮೂಕ. ಹೊಸದನ್ನು ಆರಿಸಲು ಭಾನುವಾರ ಇಬ್ಬರೂ ರಾಬರ್ಟ್‌ಸನ್‌ಪೇಟೆಗೆ ಹೋಗುವುದೆಂದು ಮಾತಾಯಿತು. ಆ ವಾರದ ಶುಕ್ರವಾರ ತಲೆಯ ಮೇಲಿನ ಬಂಡೆ ಕಳಚಿ ಕುಪ್ಪುಸ್ವಾಮಿಯ ಮೇಲೆ ಬಿತ್ತು. ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿ, ಮಾಘ ಮಾಸ.

ಹೆಣ ಎತ್ತುವ ಹೊತ್ತಿನಲ್ಲಿ ಕೋದಂಡಪ್ಪ ಕುಪ್ಪುಸ್ವಾಮಿಯ ಹೆಂಡತಿ ಮಾರಿಯಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು ಅತ್ತ. "ನಾನೇ ತಟ್ಟಿ ನೋಡಿದ್ದೆ ಕಣಮ್ಮಾ. ಗಂಟೆ ಒಡ್ದಂಗೆ ಠಣ್ ಅಂತು. ನಮ್ ಕೈಲಿ ಏನೈತೆ, ಅವನ ಅಣೆಬರಾ" ಎಂದ. ಸುಳ್ಳು ಹೇಳಲಿಲ್ಲ ಪಾಪ. ಅವನಿಗೆ ಠಣ್ ಎಂದೇ ಕೇಳಿಸಿತ್ತು. ಇಪ್ಪತ್ಮೂರು ವರ್ಷ ಕೇಳಿದ ಸದ್ದು, ತಟ್ಟಿದರೆ ಸಾಕು, ತಲೆಯೊಳಗೆ ತಾನಾಗಿಯೇ ಮೊಳಗುತ್ತಿತ್ತು. ಮಾರಿಯಮ್ಮನಿಗೆ ಆ ಮಾತಿನಿಂದ ಒಂದಿಷ್ಟು ಸಮಾಧಾನವಾಯಿತು. ಯಾರದೂ ತಪ್ಪಿಲ್ಲದ ಸಾವನ್ನು ಹೇಗೋ ನುಂಗಿಕೊಳ್ಳಬಹುದು.

ತಿಂಗಳ ತಿಥಿ ಕಳೆದ ಮೇಲೆ ಅವಳೇ ಕೇಳಿದಳು. "ಅಣ್ಣಾ, ಅವರು ಯಾವಾಗ್ಲೂ ಒಂದು ಪಾಟು ಗುನುಗ್ತಾ ಇದ್ರು. ಅದರ ರೆಕಾರ್ಡು ಮನೇಲಿ ಐತೆ. ನಿಜವಾದ ಪಾಟು ಎಂಗೈತೆ ಅಂತ ನಾನು ಒಂದ್ಸಲಾನೂ ಕೇಳ್ಲಿಲ್ಲ. ಅದನ್ನ ಆಡೋ ಅಂಗೆ ಮಾಡ್ಕೊಡ್ತೀಯಾ?"

ಸತ್ತವನು ಅರ್ಧಕ್ಕೆ ಬಿಟ್ಟ ಕೆಲಸ. ಕೋದಂಡಪ್ಪ ಆಗುವುದಿಲ್ಲ ಎನ್ನುವನೆ? ಮುಂದಿನ ಭಾನುವಾರ ಬೆಳಗ್ಗೆ ಯಂತ್ರವನ್ನೂ ಸ್ಪೀಕರನ್ನೂ ಜಟಕಾದಲ್ಲಿಟ್ಟುಕೊಂಡು ಇಬ್ಬರೂ ಮುನಿಶಾಮಿಯ ರೇಡಿಯೋ ರಿಪೇರಿ ಅಂಗಡಿಗೆ ಹೋದರು.

ಮುನಿಶಾಮಿ ಗಾಜಿನ ಬುರುಡೆಯಂಥ ವಾಲ್ವು ಜೋಡಿಸಿ ತಾನೇ ಆಂಪ್ಲಿಫೈಯರ್ ಕಟ್ಟುವವನು. ಮೂರನ್ನು ಸಾಲಾಗಿಟ್ಟ. ಒಂದು ಊಟದ ಡಬ್ಬಿಯಷ್ಟು, ಒಂದು ಅದರ ಎರಡರಷ್ಟು, ಇನ್ನೊಂದು ಮದುವೆ ಮನೆಗಳಿಗೆ ಬಾಡಿಗೆಗೆ ಹೋಗುವ ದೊಡ್ಡದು. "ದೊಡ್ಡದು ಒಳ್ಳೇದು ಅಂತ ಎಲ್ಲರೂ ಅದಕ್ಕೇ ಕೈ ಹಾಕ್ತಾರೆ" ಎಂದು ಅವನು ಪಾಠ ಶುರುಮಾಡಿದ. "ಅದು ತಪ್ಪು. ಮೊದ್ಲು ಸ್ಪೀಕರ್ ಎಷ್ಟು ತಡೀತದೆ ನೋಡ್ಬೇಕು, ಆಮೇಲೆ ಮನೆ ಎಷ್ಟಗಲ ಅಂತ. ನಿಮ್ದು ಅತ್ತಡಿ ಮನೆ. ದೊಡ್ಡದು ಆಕಿದ್ರೆ ಸ್ಪೀಕರಿನ ಕಾಗದ ಅರಿದೋಯ್ತದೆ. ಚಿಕ್ಕದೇ ಸಾಕು, ಕೇಳಿ."

ಚಿಕ್ಕದಕ್ಕೆ ತಂತಿ ಸಿಕ್ಕಿಸಿ, ವಾಲ್ವು ಕೆಂಪಗಾಗುವವರೆಗೆ ಕಾದು, ಅಂಗಡಿಯಲ್ಲಿದ್ದ ರೆಕಾರ್ಡಿನ ಮೇಲೆ ಮುಳ್ಳಿಟ್ಟ. ಮಾರಿಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ತಲೆ ಬಾಗಿಸಿದಳು. ಕೋದಂಡಪ್ಪ ಕಾದ. ಇನ್ನೂ ಕಾದ.

"ಆಕಪ್ಪಾ ಮತ್ತೆ" ಎಂದ.

"ಆಕಿದ್ದೀನಲ್ಲ ಸ್ವಾಮಿ. ಆಡ್ತಾ ಐತೆ."

"ಎಲ್ಲಿ ಆಡ್ತದೆ? ಇದು ಕೆಟ್ಟೋಗದೆ. ಆ ದೊಡ್ಡದು ಆಕು."

ಮುನಿಶಾಮಿ ನಡುವಿನದನ್ನು ಹಾಕಿದ. ಕೋದಂಡಪ್ಪ ಮತ್ತೆ ತಲೆಯಾಡಿಸಿದ. ರೇಗಿದ ಮುನಿಶಾಮಿ ದೊಡ್ಡದಕ್ಕೆ ತಂತಿ ಸಿಕ್ಕಿಸಿ ಗುಂಡಿ ತಿರುಗಿಸಿಯೇಬಿಟ್ಟ. ಬೀದಿಯಲ್ಲಿ ಸೌತೆಕಾಯಿ ಮಾರುತ್ತಿದ್ದವಳು ಕಿವಿ ಮುಚ್ಚಿಕೊಂಡಳು. ಮಾರಿಯಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಆಗ ಕೋದಂಡಪ್ಪನ ಮುಖ ಅರಳಿತು. "ಈಗ ನೋಡು! ಈಗ ಸಣ್ಣಗೆ ಕೇಳ್ತಾ ಐತೆ" ಎಂದ.

ಹೇಳಿ ನಗುತ್ತ ಮಾರಿಯಮ್ಮನ ಕಡೆ ತಿರುಗಿದ. ಅವಳು ಅವನನ್ನೇ ನೋಡುತ್ತಿದ್ದಳು. ಎದೆ ಒಡೆದವಳ ನೋಟ ಅದು. ಅವನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಬೀದಿಯಲ್ಲಿ ಕಿವಿ ಮುಚ್ಚಿಕೊಂಡವಳು ಕಂಡಳು, ಬಾಗಿಲಿಗೆ ಬಂದು ಬೈಯುತ್ತಿದ್ದ ಪಕ್ಕದಂಗಡಿಯವನು ಕಂಡ. ಊರಿನ ಗಂಟಲೆಲ್ಲ ನೆಟ್ಟಗಿತ್ತು, ಕೆಟ್ಟದ್ದು ತನ್ನ ಕಿವಿ. ಹಾಗಾದರೆ ಆ ಶುಕ್ರವಾರ ಬಂಡೆ ಏನೆಂದಿತ್ತು?

ಚಿಕ್ಕದನ್ನೇ ಕೊಂಡರು. ಮನೆಯಲ್ಲಿ ಮುನಿಶಾಮಿ ತೋರಿಸಿದ ಹಾಗೆ ಅವನೇ ತಂತಿ ಸಿಕ್ಕಿಸಿ, ಕುಪ್ಪುಸ್ವಾಮಿಯ ರೆಕಾರ್ಡು ಇಟ್ಟ. ರೆಕಾರ್ಡು ತಿರುಗಿತು. ಅದು ಹಾಡುತ್ತಿದೆ ಎಂದು ಅವನಿಗೆ ಗೊತ್ತಾದದ್ದು ಮಾರಿಯಮ್ಮನ ಕಣ್ಣಿನಿಂದ. ಮುಗಿಯುವವರೆಗೂ ಅವಳು ಅತ್ತಳು. ಮುಳ್ಳೆತ್ತಿಟ್ಟು ಅವನು ನೆಲದ ಮೇಲೆ ಕೂತ.

"ತಾಯೀ, ಅವತ್ತು ನಂಗೆ ಕೇಳಿಸ್ಲಿಲ್ಲ. ಕೇಳಿಸ್ತು ಅಂದ್ಕೊಂಡೆ. ಬಂಡೆ ಬೊದ್ ಅಂದಿರ್ಬೇಕು. ಅಣೆಬರಾ ಅಲ್ಲಮ್ಮಾ, ನಾನೇ ಅವನನ್ನ ಅದರ ಕೆಳಕ್ಕೆ ಕರೆದೆ" ಎಂದ.

ಮಾರಿಯಮ್ಮ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತಳು. ಹಣೆಯನ್ನು ಗೋಡೆಗೆ ಒತ್ತಿಕೊಂಡಳು. ಏನೋ ಹೇಳಿದಳು. ಒಂದು ಮಾತಲ್ಲ, ಬಹಳ ಹೊತ್ತು ಹೇಳಿದಳು. ಭುಜ ಅಲುಗುವುದು ಕಾಣುತ್ತಿತ್ತು, ತುಟಿ ಕಾಣಲಿಲ್ಲ. ಎದ್ದು ಪಕ್ಕಕ್ಕೆ ಹೋಗಿ ಅವಳ ಮುಖ ನೋಡಬಹುದಿತ್ತು. ಕೋದಂಡಪ್ಪ ಏಳಲಿಲ್ಲ. ಅವಳು ಮುಗಿಸಿ ಒಳಗೆ ಹೋದ ಮೇಲೆ ಹೊಸಿಲು ದಾಟಿ ಬಂದ.

ಮಾರನೆಯ ದಿನ ಮೇಸ್ತ್ರಿಯ ಮುಂದೆ ಗಡಾರಿ ಇಟ್ಟು, "ನಂಗೆ ಕಿವಿ ಕೇಳ್ಸಲ್ಲ, ಇನ್ಮೇಲೆ ನನ್ನ ಮಾತು ಕೇಳಿ ಯಾರೂ ಒಳಕ್ಕೆ ಓಗ್ಬೇಡಿ" ಎಂದ. ಕೆಳಗಿಳಿಯುವ ಕೆಲಸ ತಪ್ಪಿತು. ಮೇಲೆ ಅಂಗಳ ಗುಡಿಸುವ ಕೆಲಸ ಕೊಟ್ಟರು, ಎರಡು ವರ್ಷ ಗುಡಿಸಿದ. ಆಮೇಲೆ ಅದನ್ನೂ ಬಿಟ್ಟು ಬಂಗಾರಪೇಟೆಯ ಸ್ಟೇಷನ್ ಹಿಂದೆ ಬಾಡಿಗೆ ಮನೆ ಹಿಡಿದ. ಹಗಲೆಲ್ಲ ರೈಲಿನ ಸದ್ದು ಬಡಿಯುವ ಆ ಮನೆ ಬೇರೆ ಯಾರಿಗೂ ಬೇಕಿರಲಿಲ್ಲ.

ಗಂಡ ಊಟದ ಮುಂದೆ ಕೂತು ತುತ್ತು ಮರೆಯುವುದನ್ನು ನೋಡಿ ನೋಡಿ ಅಕ್ಕಯ್ಯಮ್ಮನಿಗೆ ಸಾಕಾಗಿತ್ತು. ಒಂದು ಮಧ್ಯಾಹ್ನ ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ತುಟಿ ಬಿಡಿಸಿ ಬಿಡಿಸಿ ಹೇಳಿದಳು. "ನಾನೇ ಓಗಿ ಮಾರಿಯಮ್ಮನ್ನ ಕೇಳ್ಕೊಂಡು ಬತ್ತೀನಿ. ಅವತ್ತು ಗೋಡೆ ಕಡೆ ಮಕ ಮಾಡಿ ಏನಂದೆ ತಾಯಿ ಅಂತ. ಬೈದಿದ್ರೆ ಬೈದ್ಲು ಅಂತೀನಿ."

ಕೋದಂಡಪ್ಪ ಅವಳ ಕೈ ಬಿಡಿಸಿಕೊಂಡ.

"ಬ್ಯಾಡ ಕಣೇ. ಬೈದಿದ್ರೆ ಎಂಗೋ ತಡ್ಕೊಂತೀನಿ. ಅವಳು ‘ಓಗ್ಲಿ ಬಿಡಣ್ಣಾ’ ಅಂದಿದ್ರೆ ಏನ್ಮಾಡ್ಲಿ?"